ಕ್ಯಾಲೆಂಡರಿನ ಎರಡು ಹಾಳೆಗಳು

ನಮ್ಮ ಅಡುಗೆಮನೆಯ ಬಾಗಿಲ ಪಕ್ಕದ ಮೊಳೆಗೆ ತೂಗುವ ಕ್ಯಾಲೆಂಡರನ್ನು ನೀವೊಮ್ಮೆ ನೋಡಬೇಕು. ತಿಥಿ, ನಕ್ಷತ್ರ, ರಾಹುಕಾಲಗಳನ್ನು ಅಚ್ಚುಹಾಕಿದವರು ಉಳಿಸಿಕೊಟ್ಟ ಅಂಗುಲದಷ್ಟು ಜಾಗದಲ್ಲಿ ನನ್ನ ಹೆಂಡತಿ ಕಮಲಳ ಸಂಸಾರವೆಲ್ಲ ಅಡಗಿದೆ: ಹಾಲಿನವನು ಬಾರದ ದಿನ, ಹೊಸ ಸಿಲಿಂಡರ್ ಹಚ್ಚಿದ ದಿನ, ರಾಗಿ ಬೀಸಿಸಿದ ದಿನ. ಇವುಗಳ ನಡುವೆ ಮಂಗಳವಾರ, ಶುಕ್ರವಾರಗಳಲ್ಲಿ ಕಾಣುವ ಕೆಂಪು ಪೆನ್ಸಿಲ್ಲಿನ ಗುರುತು ಮಾತ್ರ ನನ್ನದು. ಸಕ್ಕರೆ ಕಾಯಿಲೆಯ ಕೃಪೆಯಿಂದ ಮಾಯಲಾರೆನೆಂದು ಹಟ ಹಿಡಿದಿರುವ ಎಡಗಾಲಿನ ಹುಣ್ಣಿಗೆ ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿಸಿಕೊಂಡು ಬಂದ ದಿನಗಳವು. ಶಾಸನಗಳ ಕಾಲನಿರ್ಣಯದಲ್ಲೇ ಉದ್ಯೋಗ ಕಳೆದು, ನಿವೃತ್ತನಾದ ಮೇಲೆ ಹೆಂಡತಿಯ ಊರಾದ ರಾವಂದೂರಿಗೆ ಬಂದು ನೆಲೆಸಿದವನು ನಾನು. ತೇದಿಯೊಂದನ್ನು ಎರಡು ಕಡೆ ತಾಳೆ ನೋಡದೆ ನಂಬುವ ಅಭ್ಯಾಸವಿಲ್ಲ. ಹಳೆಯ ಕ್ಯಾಲೆಂಡರನ್ನು ಎಸೆಯುವ ಅಭ್ಯಾಸ ಮೊದಲೇ ಇಲ್ಲ; ಹೊಸದರ ಹಿಂದೆ ಅದೇ ಮೊಳೆಗೆ ಅದೂ ತೂಗುತ್ತದೆ.

ಪಟ್ಟಿ ಕಟ್ಟುತ್ತಿದ್ದವಳು ರೇಣುಕಾ. ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಗುತ್ತಿಗೆಯ ಮೇಲಿದ್ದ ನರ್ಸ್, ಪಕ್ಕದ ಹಳ್ಳಿಯ ಹೊಗೆಸೊಪ್ಪಿನ ಬೆಳೆಗಾರರ ಮನೆಯ ಮಗಳು. ಭಾನುವಾರಗಳಂದು ಮೈಸೂರಿನ ಬಸ್ಸು ಹಿಡಿದು ಜರ್ಮನ್ ಭಾಷೆಯ ತರಗತಿಗೆ ಹೋಗುತ್ತಿದ್ದಳು. ಆ ದೇಶದ ಆಸ್ಪತ್ರೆಯೊಂದು ಅವಳನ್ನು ತೆಗೆದುಕೊಳ್ಳಲು ಸಿದ್ಧವಿತ್ತು. ಬೇಕಾಗಿದ್ದುದು ಎರಡು ವರ್ಷ ಎಡೆಬಿಡದೆ ದುಡಿದ ಸೇವೆಯ ಪತ್ರ. ಅಡ್ಡಿ ಬಂದದ್ದು ಅಲ್ಲಿಯೇ. ಹಿಂದಿನ ವರ್ಷ ಜೂನ್ ಕೊನೆಗೆ ಅವಳ ಗುತ್ತಿಗೆಯ ಆದೇಶ ಮುಗಿದು, ಹೊಸ ಆದೇಶ ಬಂದದ್ದು ಸೆಪ್ಟೆಂಬರಿನಲ್ಲಿ. ಕಾಗದದ ಪ್ರಕಾರ ಜುಲೈ, ಆಗಸ್ಟ್ ಎರಡು ತಿಂಗಳು ರೇಣುಕಾ ಎಂಬ ನರ್ಸ್ ಇರಲಿಲ್ಲ. ಆದೇಶವಿಲ್ಲದವಳು ಸಹಿ ಹಾಕುವಂತಿಲ್ಲವಾದ್ದರಿಂದ ಹೆರಿಗೆಯ ಪುಸ್ತಕದಲ್ಲಿಯೂ ಬೇರೆಯವರ ಸಹಿಗಳೇ. ಆಗಿದ್ದ ವೈದ್ಯರಿಗೆ ವರ್ಗವಾಗಿತ್ತು. ಈಗಿನ ಯುವ ವೈದ್ಯರಿಗೆ ಕಾಗದ ಬಿಟ್ಟರೆ ಬೇರೆ ಆಧಾರವಿರಲಿಲ್ಲ.

“ನಾನೆಲ್ಗೂ ಓಗಿರ್ಲಿಲ್ಲ ಸಾರ್,” ಎಂದಳು ರೇಣುಕಾ, ಹತ್ತಿಯಿಂದ ಹುಣ್ಣು ಒರೆಸುತ್ತ. “ಬೇಕಾದ್ರೆ ನಿಮ್ ಕಾಲ್ನೇ ಕೇಳಿ.”

ಕಾಲನ್ನು ಕೇಳಲಾಗದು, ಕ್ಯಾಲೆಂಡರನ್ನು ಕೇಳಬಹುದು. ಮನೆಗೆ ಬಂದು ಹಿಂದಿನ ವರ್ಷದ ಹಾಳೆಗಳನ್ನು ತಿರುವಿದೆ. ಜುಲೈನಲ್ಲಿಯೂ ಆಗಸ್ಟಿನಲ್ಲಿಯೂ ಕೆಂಪು ಗುರುತುಗಳು ಒಂದು ವಾರವೂ ತಪ್ಪದೆ ನಿಂತಿದ್ದವು. ಆದರೆ ಅವು ನನ್ನ ಕೈಯ ಗುರುತುಗಳು. ನನ್ನ ವೃತ್ತಿಯ ನಿಯಮದಂತೆ, ಅದರಿಂದ ಸ್ವತಂತ್ರವಾದ ಇನ್ನೊಂದು ಸಾಕ್ಷಿ ಬೇಕು.

ಆ ಸಾಕ್ಷಿ ಇದ್ದದ್ದು ದೇವರ ಗೂಡುಗಳಲ್ಲಿ. ನಮ್ಮ ಕಡೆ ಮಗು ಹುಟ್ಟಿದೊಡನೆ ಮನೆಯವರು ಕೇಳುವುದು ಗಳಿಗೆಯನ್ನು. ಜಾತಕ ಬರೆಸಲು ಅದು ಬೇಕು. ಸರ್ಕಾರದ ಜನನಪತ್ರದಲ್ಲಿ ಅದು ಸಿಗದೆಂದು ನರ್ಸ್ ಮಾತ್ರೆಯ ಡಬ್ಬಿಯ ರಟ್ಟನ್ನು ಹರಿದು, ತಾರೀಕು, ಗಂಟೆ, ನಿಮಿಷ ಬರೆದು, ಕೆಳಗೆ ಹೆಸರು ಗೀಚಿ ಅಜ್ಜಿಯ ಕೈಗೆ ಕೊಡುತ್ತಾಳೆ. ಅಜ್ಜಿ ಅದನ್ನು ದೇವರ ಗೂಡಿನಲ್ಲಿ ಮಡಗುತ್ತಾಳೆ. ಕಮಲಳ ಜೊತೆ ಆಟೋದಲ್ಲಿ ಸುತ್ತಮುತ್ತಲ ಹಳ್ಳಿಗಳನ್ನು ಸುತ್ತಿ ಆ ಎರಡು ತಿಂಗಳಲ್ಲಿ ರೇಣುಕಾ ಬರೆದ ಐದು ಚೀಟಿಗಳನ್ನು ಪತ್ತೆಮಾಡಿದೆವು. ನಾಲ್ಕು ಜುಲೈನವು. ಆಗಸ್ಟ್ ತಿಂಗಳ ಭಾರವನ್ನೆಲ್ಲ ಹೊತ್ತು ನಿಂತದ್ದು ನಿಂಗಮ್ಮನ ಮೊಮ್ಮಗನ ಚೀಟಿಯೊಂದೇ.

ಅರಿಸಿನ ಹತ್ತಿದ ಆ ರಟ್ಟನ್ನು ನಿಂಗಮ್ಮ ತೋರಿಸಿದಳೇ ಹೊರತು ಕೈಬಿಡಲಿಲ್ಲ. “ಇದ ಕೊಟ್ಬುಟ್ರೆ ನಮ್ ಮಗೀಗೆ ಜಾತ್ಕ ಬರ್ಸೋದು ಎಂಗೆ? ನೋಡ್ಕಂಡು ಇಲ್ಲೇ ಮಡಗಿ ಸ್ವಾಮಿ.” ಕಮಲ ಮೊಬೈಲಿನಲ್ಲಿ ಚಿತ್ರ ತೆಗೆಯುವಾಗ ಮುದುಕಿ ನನ್ನತ್ತ ತಿರುಗಿದಳು. “ನೀವು ಕಾಗ್ದ ಬರ್ಕೊಟ್ಟು ರೇಣುಕವ್ವನ್ನ ಹೊರದೇಸಕ್ಕೆ ಕಳಿಸ್ತೀರಂತೆ. ಮುಂದ್ಲು ಹೆರಿಗೇಗೆ ನೀವೇ ಬತ್ತೀರಾ?”

ಮಿತ್ರರೆ, ಪತ್ರಿಕೆಗಳಲ್ಲಿ ಈ ಚರ್ಚೆಯನ್ನು ನೀವೂ ಓದಿರುತ್ತೀರಿ. ಹೊರದೇಶಗಳ ಆಡಳಿತಗಾರರು ದಾದಿಯರ ಕೊರತೆಯೆನ್ನುತ್ತಾರೆ. ಅಲ್ಲಿಯ ದಾದಿಯರಲ್ಲಿ ಕೆಲವರು ‘ದಾದಿಯರು ಇದ್ದಾರೆ, ಆ ಕೆಲಸದಲ್ಲಿ ಉಳಿಯುವಂತೆ ನೀವು ನಡೆಸಿಕೊಳ್ಳುತ್ತಿಲ್ಲ’ ಎನ್ನುತ್ತಾರೆ. ಇಲ್ಲಿಯ ಮಾತೂ ಅದೇ. ಹುಣಸೂರಿನ ಬಟ್ಟೆಯಂಗಡಿಯಲ್ಲಿ ನನಗೆ ಪಂಚೆ ಮಡಿಸಿಕೊಟ್ಟ ಹುಡುಗಿ ನರ್ಸಿಂಗ್ ಮುಗಿಸಿದವಳು. ಕಾಕನಕೋಟೆಯ ಕಡೆ ಹೋದಾಗ ನಾನು ಕಂಡದ್ದು ನರ್ಸ್ ಇಲ್ಲದೆ ಬೀಗ ಬಿದ್ದ ಆರೋಗ್ಯ ಉಪಕೇಂದ್ರ. ಒಂದು ಊರಿನಲ್ಲಿ ಶಾಸನ ಸಿಗದಿದ್ದರೆ ಆ ಊರಿಗೆ ಚರಿತ್ರೆಯೇ ಇಲ್ಲವೆಂದು ಬರೆದುಬಿಡುವ ಪ್ರಮಾದವನ್ನು ಎಳೆಯ ವಯಸ್ಸಿನಲ್ಲಿ ನಾನೂ ಮಾಡಿದ್ದೇನೆ. ಆಮೇಲೆ ಅದೇ ಊರಿನ ಬಟ್ಟೆ ಒಗೆಯುವ ಕಲ್ಲನ್ನು ಮಗುಚಿದರೆ ಅಕ್ಷರಗಳಿದ್ದವು. ಇಲ್ಲದಿರುವುದು ಬೇರೆ, ಇದ್ದೂ ಲೆಕ್ಕಕ್ಕೆ ಬಾರದಿರುವುದು ಬೇರೆ. ರೇಣುಕಾಳ ಎರಡು ತಿಂಗಳು ಎರಡನೆಯ ಜಾತಿಯವು. ಮತ್ತೊಂದನ್ನೂ ಹೇಳಬೇಕು: ಎಚ್.ಡಿ. ಕೋಟೆಯಲ್ಲಿ ನಮ್ಮ ಮಗಳು ಹುಟ್ಟಿದಾಗ ಕಮಲಳ ಹಣೆ ಒರೆಸಿದವರು ಗಡಿಯಾಚೆಯಿಂದ ಬಂದಿದ್ದ ಮಲಯಾಳಿ ನರ್ಸಮ್ಮ. ಅವರು ಬಿಟ್ಟುಬಂದ ಊರಿನ ಬಸುರಿಯರ ಗತಿಯೇನೆಂದು ಆಗ ನಾನು ಕೇಳಲಿಲ್ಲ. ನನ್ನ ಮಗಳು ಅಳುತ್ತಿದ್ದಳು, ಅಷ್ಟು ಸಾಕಾಗಿತ್ತು.

ಮನೆಗೆ ಬಂದು ಚಿತ್ರವನ್ನು ಭೂತಗನ್ನಡಿಯಲ್ಲಿ ನೋಡಿದಾಗ ತೊಡಕೊಂದು ಕಂಡಿತು. ರೇಣುಕಾ ಬರೆದದ್ದು ತಾರೀಕು, ಬೆಳಿಗ್ಗೆ ನಾಲ್ಕು ಐವತ್ತು ಎಂದು. ಪಕ್ಕದಲ್ಲಿ ಬೇರೊಂದು ಕೈ, ಬಹುಶಃ ಮನೆಯವರಲ್ಲಿ ಒಬ್ಬರದು, ‘ಶುಕ್ರವಾರ’ ಎಂದು ಸೇರಿಸಿತ್ತು. ಕ್ಯಾಲೆಂಡರಿನಲ್ಲಿ ಆ ತಾರೀಕು ಶನಿವಾರ. ವಾರ ತಪ್ಪಿದ ದಾಖಲೆಯನ್ನು ಕೃತಕವೆಂದು ತಳ್ಳಿಹಾಕಬಹುದು. ನಿಜ ಹೇಳುತ್ತೇನೆ: ಅದನ್ನು ಕಂಡ ಗಳಿಗೆಯಲ್ಲಿ ನನ್ನೊಳಗೆ ಒಂದು ಹೇಡಿ ನೆಮ್ಮದಿ ಸುಳಿದುಹೋಯಿತು. ಚೀಟಿ ಸಾಕ್ಷಿಯಾಗಿ ನಿಲ್ಲದಿದ್ದರೆ ಪತ್ರ ಸಿಗುವುದಿಲ್ಲ. ಪತ್ರ ಸಿಗದಿದ್ದರೆ ಮಂಗಳವಾರ, ಶುಕ್ರವಾರ ಅವಳು ಇಲ್ಲೇ ಇರುತ್ತಾಳೆ.

ಕಮಲ ನನ್ನ ಮುಖ ನೋಡಿಯೇ ತಿಳಿದುಕೊಂಡಳು. “ನಿಮ್ಮ ಕಾಲಿಗೋಸ್ಕರ ಆ ಹುಡುಗಿ ಇಲ್ಲೇ ಕೂತಿರ್ಬೇಕೇನ್ರೀ? ಪಟ್ಟಿ ಕಟ್ಟೋದು ನಾನೇ ಕಲೀತೀನಿ. ನೀವು ಆ ತಾರೀಕು ನೋಡಿ ಮೊದ್ಲು.”

ನೋಡಿದೆ. ನಾಚಿಕೆಯಾಯಿತು, ಏಕೆಂದರೆ ಇದು ನಾನು ನೂರು ಸಲ ಬಿಡಿಸಿದ ಗಂಟು. ಸರ್ಕಾರದ ದಿನ ಹುಟ್ಟುವುದು ನಡುರಾತ್ರಿಗೆ. ನಮ್ಮ ಹಳ್ಳಿಯ ವಾರ ಹುಟ್ಟುವುದು ಸೂರ್ಯನ ಜೊತೆಗೆ. ಸೂರ್ಯ ಮೂಡುವ ಮುನ್ನ ಹುಟ್ಟಿದ ಕೂಸು ಆಸ್ಪತ್ರೆಯ ಗಡಿಯಾರಕ್ಕೆ ಶನಿವಾರದ್ದಾದರೂ ಅಜ್ಜಿಯ ಪಾಲಿಗೆ ಶುಕ್ರವಾರದ್ದೇ. ಚೀಟಿಯನ್ನು ಆಮೇಲೆ ಯಾರೋ ಕೂತು ಸೃಷ್ಟಿಸಿದ್ದರೆ ಕ್ಯಾಲೆಂಡರ್ ನೋಡಿ ಶನಿವಾರವೆಂದೇ ಬರೆಯುತ್ತಿದ್ದರು. ತಾಳೆಯಾಗದ ಆ ವಾರವೇ ಚೀಟಿಯ ಸಾಚಾತನಕ್ಕೆ ಮುದ್ರೆ.

ಮರುದಿನವೇ ಚೀಟಿಗಳ ಚಿತ್ರಗಳನ್ನೂ ಹಳೆಯ ಕ್ಯಾಲೆಂಡರನ್ನೂ ಹಿಡಿದು ಆಸ್ಪತ್ರೆಗೆ ಹೋದೆ. ವೈದ್ಯರು ಮೊದಲು ಅದನ್ನೇ ಹಿಡಿದರು. “ವಾರ ಒಂದು, ತಾರೀಕು ಒಂದು. ಇದನ್ನ ಹೇಗೆ ಒಪ್ಪೋದು ಸಾರ್?” ನಾನು ವಿವರಿಸಿದೆ. ಅವರು ಚೀಟಿಗಳ ಅಕ್ಷರವನ್ನು ರೇಣುಕಾಳ ಹಾಜರಿಯ ಸಹಿಯೊಂದಿಗೆ ಹೋಲಿಸಿದರು, ನಿಂಗಮ್ಮನ ಮಗನಿಗೆ ಫೋನ್ ಮಾಡಿ ಕೇಳಿದರು. “ಬರ್ಕೊಡ್ತೀನಿ. ಆದ್ರೆ ನಿಮ್ಮ ಕ್ಯಾಲೆಂಡರಿನ ಆ ಎರಡು ಹಾಳೆ ಅಸಲೇ ಬೇಕು, ಫೈಲಿಗೆ. ಆಮೇಲೆ ಇಲ್ಲಿ ನರ್ಸ್ ಇಲ್ಲ ಅಂತ ನನ್ನನ್ನ ಬೈಬೇಡಿ.”

“ಬೈಯುವುದಿಲ್ಲ. ಮೇಲಿನವರಿಗೆ ಬರೆಯುತ್ತೇನೆ,” ಎಂದೆ.

ಪತ್ರ ಕೈಗೆ ಬಂದ ದಿನ ರೇಣುಕಾ ನಮ್ಮ ಮನೆಗೆ ಬಂದಳು. ಇಲ್ಲಿ ಕಾಯಂ ಹುದ್ದೆಗೆ ಅರ್ಜಿ ಕರೆದರೂ ಅದೇ ಪತ್ರ ಬೇಕಾಗುತ್ತದೆಂದು ನಾನು ಆಸೆಯಿಂದಲೇ ನೆನಪಿಸಿದೆ. “ಯಾರು ಮೊದ್ಲು ಕರೀತಾರೋ ಅಲ್ಲಿಗೆ ಓಯ್ತೀನಿ ಸಾರ್. ಇಲ್ಲೇ ಕಾಯಂ ಮಾಡುದ್ರೆ ನಾನ್ಯಾಕೆ ಆ ಚಳೀಲಿ ಸಾಯ್ಲಿ?” ಎಂದು ನಕ್ಕು, ಕಮಲಳನ್ನು ಕೂರಿಸಿಕೊಂಡು ಪಟ್ಟಿ ಸುತ್ತುವುದನ್ನು ಮೂರು ಸಲ ಮಾಡಿಸಿದಳು. “ಅಷ್ಟು ಬಿಗೀಬೇಡಿ ಅಮ್ಮಾವ್ರೇ, ಅದು ಸಾರ್ ಕಾಲು, ಹೊಗೆಸೊಪ್ಪಿನ ಬೇಲಲ್ಲ.”

ಮೊದಲು ಕರೆದವರು ಜರ್ಮನಿಯವರು.

ಅವಳ ಜಾಗ ಇನ್ನೂ ಖಾಲಿಯಿದೆ. ಪ್ರತಿ ತಿಂಗಳ ಮೊದಲ ದಿನ ಆ ಹುದ್ದೆಯನ್ನು ಕಾಯಂ ಆಗಿ ತುಂಬಬೇಕೆಂದು ಮೇಲಧಿಕಾರಿಗಳಿಗೆ ಪತ್ರ ಹಾಕುತ್ತೇನೆ. ನಾನು ಬರೆದದ್ದನ್ನು ನಿಂಗಮ್ಮನಿಗೆ ಓದಿಹೇಳಿ ಅವಳ ಹೆಬ್ಬೆಟ್ಟನ್ನೂ ಒತ್ತಿಸುತ್ತೇನೆ. ಉತ್ತರ ಬರುವವರೆಗೂ ಬರೆಯುತ್ತೇನೆ. ಕಲ್ಲಿನ ಮೇಲೆ ಸವೆದ ಒಂದು ಸಾಲಿಗಾಗಿ ವರ್ಷಗಟ್ಟಲೆ ಕಾದವನಿಗೆ ಇದೇನೂ ದೊಡ್ಡದಲ್ಲ.

ಆ ವರ್ಷದ ಕ್ಯಾಲೆಂಡರಿನಲ್ಲಿ ಈಗ ಜೂನ್ ಮುಗಿದೊಡನೆ ಸೆಪ್ಟೆಂಬರ್. ಅವಳ ಕಾಗದದಲ್ಲಿದ್ದ ಖಾಲಿ ಜಾಗ ನನ್ನ ಮನೆಯ ಗೋಡೆಗೆ ಬಂದಿದೆ. ಮುಂದೊಂದು ದಿನ ನನ್ನಂಥವನೊಬ್ಬ ಇದನ್ನು ಕೈಗೆತ್ತಿಕೊಂಡು ಎರಡು ತಿಂಗಳು ಲುಪ್ತವೆಂದು ಟಿಪ್ಪಣಿ ಮಾಡದಿರಲೆಂದು, ಜೂನ್ ಹಾಳೆಯ ಹಿಂದೆ ಶಾಯಿಯಲ್ಲಿ ಬರೆದು ಸಹಿ ಹಾಕಿದ್ದೇನೆ: ‘ಇಲ್ಲಿಯ ಎರಡು ಹಾಳೆಗಳು ಕಳೆದುಹೋಗಿಲ್ಲ. ಈ ಊರಿನ ನರ್ಸ್ ರೇಣುಕಾ ಆ ಎರಡು ತಿಂಗಳೂ ಕೆಲಸದಲ್ಲಿದ್ದಳು ಎಂಬುದಕ್ಕೆ ಸಾಕ್ಷಿಯಾಗಿ ಆಸ್ಪತ್ರೆಯ ಫೈಲಿನಲ್ಲಿವೆ.’