ಕಟ್ಟೆಯ ಕೆಳಗಿನ ಮುಚ್ಚಳ

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಕೆಲಸದ ಜಾಗದಲ್ಲಿ ಯಾರಾದರೂ ಸುಳ್ಳು ಹೇಳಿ ಜಾರಿಕೊಂಡರೆ ಅವರ ಜನ್ಮ ಜಾಲಾಡುತ್ತೇನೆ. ಅಂಥ ನಾನೇ ರಾಯಚೂರಿನ ಒಳಚರಂಡಿಯ ನಕ್ಷೆಯಲ್ಲಿ ಒಂದು ಸುಳ್ಳು ಬರೆದೆ. ಒಂದೇ ಶಬ್ದ: 'ಸಿಕ್ಕಿಲ್ಲ'.

ನಾನು ಹುಟ್ಟಿದ್ದು ದೇವದುರ್ಗದಲ್ಲಿ. ಸಣ್ಣವಳಿದ್ದಾಗ ಅಲ್ಲಿ ಗಟಾರ ಮನೆಯ ಮುಂದೆ ತೆರೆದೇ ಹರಿಯುತ್ತಿತ್ತು. ಎಲ್ಲಿ ಏನು ಕಟ್ಟಿಕೊಂಡಿದೆ ಎಂದು ಕೂಸಿಗೂ ಕಾಣುತ್ತಿತ್ತು. ಮದುವೆಯಾಗಿ ರಾಯಚೂರಿಗೆ ಬಂದೆ. ಕೆಲವು ವರ್ಷ ದಿನಾ ಬಸ್ಸು ಹತ್ತಿ ಮಾನ್ವಿಗೆ ಹೋಗಿ ರಸ್ತೆ ಕೆಲಸ ನೋಡಿಕೊಂಡೆ. ಆಮೇಲೆ ರಾಯಚೂರಿನಲ್ಲೇ ಹಳೆಯ ಒಳಚರಂಡಿಯನ್ನು ಹೊಸದು ಮಾಡುವ ಗುತ್ತಿಗೆದಾರರ ಹತ್ತಿರ ಎಂಜಿನಿಯರ್ ಕೆಲಸ ಸಿಕ್ಕಿತು. ಪೈಪು ಬದಲಿಸುವ ಮೊದಲು ಹಳೆಯ ಚೇಂಬರುಗಳು, ಅಂದರೆ ಚರಂಡಿಗೆ ಇಳಿಯುವ ಗುಂಡಿಗಳು, ಎಲ್ಲಿವೆ ಎಂದು ಹುಡುಕಬೇಕಿತ್ತು. ರಸ್ತೆಯ ಮೇಲೆ ರಸ್ತೆ ಹಾಕಿ ಹಾಕಿ ಎಷ್ಟೋ ಮುಚ್ಚಳಗಳು ನೆಲದೊಳಗೆ ಸೇರಿಹೋಗಿದ್ದವು.

ಹುಡುಕಲು ನನ್ನ ಜೊತೆಗೆ ಬಂದವರು ದೇವದುರ್ಗದವರೇ, ಐವತ್ತು ದಾಟಿದ ಹಳೆಯ ಕೆಲಸಗಾರ. ನಾನು ಅಣ್ಣಾ ಅನ್ನುತ್ತಿದ್ದೆ. ಅವರಿಗೆ ನಾನು ಊರ ಮಗಳು, ಹಾಗಾಗಿ ಯವ್ವಾ. ಕೈಯಲ್ಲೊಂದು ಕಬ್ಬಿಣದ ಸಲಾಕೆ ಹಿಡಿದು ರಸ್ತೆಯನ್ನು ಕುಟ್ಟುತ್ತ ಹೋಗುತ್ತಿದ್ದರು. "ಇಲ್ಲಿ ಟೊಳ್ಳು ಅದ ನೋಡ್ರಿ ಯವ್ವಾ" ಅಂದರೆ ಅಲ್ಲಿ ಮುಚ್ಚಳ ಇದ್ದೇ ಇರುತ್ತಿತ್ತು. ಪ್ರಾಯದಲ್ಲಿ ಅವರು ಒಳಗಿಳಿದು ಕೆಲಸ ಮಾಡಿದವರು. ಜೊತೆಗೆ ಇಳಿದ ಗೆಳೆಯನೊಬ್ಬ ಮೇಲೆ ಬರಲಿಲ್ಲ. ಈಗ ಮನುಷ್ಯರನ್ನು ಇಳಿಸುವುದು ಕಾನೂನಿಗೆ ವಿರುದ್ಧ. ಅದು ಎಲ್ಲರಿಗೂ ಗೊತ್ತು, ಗೊತ್ತಿದ್ದೂ ಇಳಿಸುವವರು ಇದ್ದಾರೆ.

ಒಂದು ಪಾಠ ಅವರೇ ಕಲಿಸಿದರು. "ಮುಚ್ಚಳ ತಗದ ಕೂಡ್ಲೇ ಜಿರಳಿ ದಿಕ್ಕಾಪಾಲ ಓಡಿದ್ರ ಒಳಗ ಉಸರು ಅದ ಅಂತ ತಿಳೀರಿ. ಒಂದೂ ಇಲ್ಲಂದ್ರ ಬಗ್ಗಿ ಸುದ್ದಾ ನೋಡಬ್ಯಾಡ್ರಿ."

ಹುಡುಕುತ್ತ ಹುಡುಕುತ್ತ ಒಂದು ದಿನ ನಮ್ಮ ಓಣಿಗೇ ಬಂದೆವು. ಮೇಲಿನ ಓಣಿಯ ಚೇಂಬರು ಸಿಕ್ಕಿತ್ತು, ಕೆಳಗಿನ ಓಣಿಯದೂ ಸಿಕ್ಕಿತ್ತು. ನಡುವೆ ಒಂದು ಇರಲೇಬೇಕು. ಎಲ್ಲಿದೆ ಎಂದು ನನಗೆ ಗೊತ್ತಿತ್ತು. ನಮ್ಮ ಮನೆಯ ಬಾಗಿಲ ಮುಂದಿನ ಕಟ್ಟೆಯ ಕೆಳಗೆ.

ಆ ಕಟ್ಟೆ ಕಟ್ಟಿಸಿದ್ದು ನನಗಾಗಿ. ನಾನು ಬಸುರಿಯಿದ್ದೆ. ಮುಚ್ಚಳದ ಸಂದಿಯಿಂದ ಬರುವ ವಾಸನೆಗೆ ತಿಂದದ್ದೆಲ್ಲ ಹೊರಗೆ ಬರುತ್ತಿತ್ತು. ಮಾವನವರು ಯಾರನ್ನೂ ಕೇಳದೆ ಗೌಂಡಿಯನ್ನು ಕರೆಸಿ, ಮುಚ್ಚಳದ ಮೇಲೆ ಸಿಮೆಂಟು ಸುರಿಸಿ, ಮೇಲೆ ಫರಸಿ ಕಲ್ಲು ಹಾಸಿಸಿದರು. "ಈಗ ಎರಡು ತುತ್ತು ಉಣ್ಣವಾ" ಎಂದರು. ಅವತ್ತು ಹೊಟ್ಟೆ ತುಂಬ ಉಂಡೆ.

ಅಣ್ಣ ಸಲಾಕೆ ಹಿಡಿದು ಬಂದಾಗ ಮಾವನವರು ಅದೇ ಕಟ್ಟೆಯ ಮೇಲೆ ಕೂತು ಪೇಪರ್ ಓದುತ್ತಿದ್ದರು. ನಾವು ಏನು ಹುಡುಕುತ್ತಿದ್ದೇವೆ ಎಂದು ಅವರಿಗೆ ಗೊತ್ತಿರಲಿಲ್ಲ. ಹಿರಿಯರು ಕೂತ ಕಟ್ಟೆಯನ್ನು ಕುಟ್ಟುವುದು ಹೇಗೆ ಎಂದು ಅಣ್ಣ ಹಿಂದೆಮುಂದೆ ನೋಡಿದರು. "ಇಲ್ಲೇ ಎಲ್ಲೋ ಇರಬೇಕಲ್ರೀ ಯವ್ವಾ" ಎಂದು ನನ್ನ ಮುಖ ನೋಡಿದರು. ಮನೆಯ ಮರ್ಯಾದೆ, ಮಾವನ ಮಮತೆ, ನೆರೆಹೊರೆಯವರ ಬಾಯಿ, ಎಲ್ಲವೂ ಒಮ್ಮೆಗೇ ತಲೆಗೆ ಬಂದವು. "ಇಲ್ಲಣ್ಣಾ, ಮುಂದ ನಡೀರಿ" ಎಂದೆ. ನಕ್ಷೆಯಲ್ಲಿ 'ಸಿಕ್ಕಿಲ್ಲ' ಎಂದು ಬರೆದೆ. ಅವರು ನಂಬಿದರು.

ಅದಾಗಿ ಕೆಲವೇ ವಾರಗಳಲ್ಲಿ ನಮ್ಮ ಬಚ್ಚಲು ಗುಳುಗುಳು ಎನ್ನತೊಡಗಿತು. ನೀರು ಸುರಿದರೆ ಇಳಿಯದು, ಸುಮ್ಮನಿದ್ದರೆ ಒಳಗಿನಿಂದ ಗುಳ್ಳೆ ಬರುವುದು. ಒಂದು ಬೆಳಿಗ್ಗೆ ಬಚ್ಚಲ ತೂತಿನಿಂದ ಜಿರಳೆಗಳು ಎದ್ದು ಬಂದವು. ಗೋಡೆಯ ಮೇಲೆ, ಹಂಡೆಯ ಮೇಲೆ, ಅಡುಗೆಮನೆಯ ಡಬ್ಬಿಗಳ ಸಂದಿಯಲ್ಲಿ. ಅತ್ತೆ ಕಸಬರಿಗೆ ಹಿಡಿದು ಬೈಯುತ್ತ ಬಡಿಯುತ್ತಿದ್ದರು. ನನಗೆ ಕಟ್ಟೆಯ ಕೆಳಗಿನ ಚೇಂಬರು ನೆನಪಾಯಿತು.

ಅಣ್ಣನನ್ನು ಕೇಳಿದೆ, ಯಾರದೋ ಮನೆಯ ಸುದ್ದಿ ಎಂಬಂತೆ. ಅವರು ಬೀಡಿ ಆರಿಸಿದರು.

"ಅವು ಮನಿಯೊಳಗ ಬರಾಕತ್ತಾವಂದ್ರ, ಪೈಪಿನಾಗ ಅವಕ್ಕೂ ಉಸರಿಲ್ಲದಂಗ ಆಗ್ಯದ. ಯಾರ ಮನ್ಯಾಗ್ರಿ?"

"ಯಾರೋ ಅಂದ್ರಣ್ಣಾ, ನೆನಪಿಲ್ಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ನಕ್ಷೆಯ ಸುರುಳಿಯನ್ನು ಸೀರೆಯ ಸೆರಗಿನಲ್ಲಿ ಮುಚ್ಚಿಕೊಂಡು ಅಲ್ಲಿಂದ ಎದ್ದೆ.

ಮೂರನೆಯ ದಿನ ಮೇಲಿನ ಓಣಿಯ ಪಾಯಿಖಾನೆಗಳೆಲ್ಲ ಉಕ್ಕಿದವು. ನಾನು ಸ್ಟೇಷನ್ ಕಡೆ ಬೇರೆ ಕೆಲಸದಲ್ಲಿದ್ದೆ. ಫೋನು ಬಂದು ಓಡಿ ಬರುವಷ್ಟರಲ್ಲಿ ಕೆಳಗಿನ ಓಣಿಯ ಚೇಂಬರಿನ ಸುತ್ತ ಜನ ನೆರೆದಿದ್ದರು. ನೀರಿನ ರಭಸದಿಂದ ಪೈಪು ತೊಳೆಯುವ ಗಾಡಿ ಬಂದಿತ್ತು. ಅದರ ಹೋಸು ಪೈಪು ಒಳಗೆ ಎಲ್ಲೋ ಗಟ್ಟಿ ವಸ್ತುವಿಗೆ ಬಡಿದು ವಾಪಸ್ ಬರುತ್ತಿತ್ತು. ಗ್ಯಾಸ್ ನೋಡುವ ಯಂತ್ರ ಆಫೀಸಿನಲ್ಲಿ ಚಾರ್ಜಿಗೆ ಇಟ್ಟಿತ್ತು. ಸೂಪರ್ವೈಜರ್ ಹೇಳುತ್ತಿದ್ದ, "ಎರಡು ನಿಮಿಷ ಇಳಿದು ಒಂದು ಗಳಾ ತಿವಿದ್ರ ಆತಪಾ. ಜನ ಬಾಯಿಗೆ ಬಂದಂಗ ಬೈಯಾಕತ್ಯಾರ."

ಅಣ್ಣ ಸೊಂಟಕ್ಕೆ ಹಗ್ಗ ಕಟ್ಟಿಕೊಂಡಿದ್ದರು. ಒಂದು ಕಾಲು ಆಗಲೇ ಒಳಗಿತ್ತು. ನನ್ನನ್ನು ಕಂಡು, ಬ್ಯಾಡ ಅನ್ನುತ್ತಾಳೆ ಎಂದು ತಿಳಿದೇ ಇರಬೇಕು, ನಕ್ಕರು. "ಅಂಜಬ್ಯಾಡ್ರಿ ಯವ್ವಾ. ಜಿರಳಿ ಓಡ್ಯಾಡಾಕತ್ತಾವ. ಒಳಗ ಛಲೋ ಅದ."

ಆ ಚೇಂಬರಿನಲ್ಲಿ ಉಸಿರು ಇತ್ತು, ಖರೆ. ಆದರೆ ಅಡ್ಡ ಕಟ್ಟಿಕೊಂಡದ್ದರ ಆಚೆಗೆ, ವರ್ಷಗಟ್ಟಲೆ ಸಿಮೆಂಟಿನಿಂದ ಮುಚ್ಚಿದ ನಮ್ಮ ಚೇಂಬರಿನಲ್ಲಿ, ಓಣಿಯ ಹೊಲಸೂ ಅದರ ವಿಷಗಾಳಿಯೂ ತುಂಬಿ ನಿಂತಿದ್ದವು. ಅಣ್ಣ ಬಿದಿರ ಗಳ ತಿವಿದರೆ ಅಷ್ಟೂ ಅವರ ಮುಖದ ಮೇಲೆ ಬರುತ್ತಿತ್ತು. ಅಲ್ಲೊಂದು ಚೇಂಬರು ಇದೆಯೆಂದು ಅವರಿಗೆ ಗೊತ್ತಿಲ್ಲ. ಗೊತ್ತಿಲ್ಲದಂತೆ ಮಾಡಿದವಳು ನಾನು.

"ಕಾಲು ತಗೀರಣ್ಣಾ" ಎಂದೆ. "ನಡುವ ಒಂದು ಚೇಂಬರ್ ಅದ. ನಮ್ಮ ಮನಿ ಕಟ್ಟಿ ಕೆಳಗ."

ಅಣ್ಣ ಕಾಲು ಮೇಲೆ ಎಳೆದುಕೊಂಡರು. ಮಾವನವರೂ ಗುಂಪಿನಲ್ಲಿ ನಿಂತಿದ್ದರು. ಸಿಟ್ಟು ಮಾಡುತ್ತಾರೆ ಎಂದುಕೊಂಡೆ. ಅವರು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು, "ಮೊದಲ ಯಾಕ ಹೇಳಲಿಲ್ಲವಾ? ನಾನ ಒಡಸ್ತಿದ್ನಲ್ಲ." ಅಯ್ಯೋ ಶಿವನೇ, ಇಷ್ಟಕ್ಕಾಗಿ ಒಬ್ಬರ ಜೀವ ಪಣಕ್ಕಿಟ್ಟಿದ್ದೆನೇ ನಾನು.

ಕಟ್ಟೆ ಒಡೆದರು. ಹಾರೆ ಹಾಕಿ ಮುಚ್ಚಳ ಮೀಟಿ, ಎಲ್ಲರೂ ದೂರ ಸರಿದರು. ಒಂದು ಜಿರಳೆಯೂ ಹೊರಗೆ ಬರಲಿಲ್ಲ. ಆಫೀಸಿನಿಂದ ತಂದ ಯಂತ್ರವನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟರೆ ಅದು ಕೂಗತೊಡಗಿ ನಿಲ್ಲಲೇ ಇಲ್ಲ. ಮಧ್ಯಾಹ್ನದವರೆಗೆ ಗಾಳಿಯಾಡಲು ಬಿಟ್ಟು, ಗಾಡಿಯ ಹೋಸನ್ನು ಅಲ್ಲಿಂದಲೇ ಬಿಟ್ಟರು. ಕೆಳಗಿನ ಓಣಿಯಲ್ಲಿ ಹೊರಬಂದದ್ದು ಸಿಮೆಂಟಿನ ಮುದ್ದೆಗಳು. ನನಗಾಗಿ ಕಟ್ಟೆ ಕಟ್ಟಿದ ದಿನ ಒಳಗೆ ಬಿದ್ದಂಥವು.

ಅಣ್ಣ ಹಗ್ಗ ಸುತ್ತುತ್ತ ಕೇಳಿದರು, "ಅವತ್ತ ಇಲ್ಲಿ ನಿಂತಾಗ ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ತಣ್ಣಾ."

ಅವರು ಸುತ್ತಿದ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ನಡೆದರು. ಬೈದಿದ್ದರೆ ಚೆನ್ನಾಗಿತ್ತು.

ಈಗ ಮಾನ್ವಿಯಲ್ಲೂ ನಮ್ಮದೇ ಕೆಲಸ ನಡೆದಿದೆ. ಅಲ್ಲಿಯ ನಕ್ಷೆಯಲ್ಲೂ ಕೆಲವು ಕಡೆ 'ಸಿಕ್ಕಿಲ್ಲ' ಎಂದು ಬರೆದಿದೆ. ಒಂದೊಂದನ್ನು ನೋಡಿದಾಗಲೂ ಇದು ಯಾರ ಮನೆಯ ಕಟ್ಟೆಯೋ ಎಂದು ಕೇಳಿಕೊಳ್ಳುತ್ತೇನೆ. ಅಣ್ಣ ಈಗಲೂ ನನ್ನ ಜೊತೆ ಬರುತ್ತಾರೆ. ಯವ್ವಾ ಅನ್ನುವುದನ್ನು ಬಿಟ್ಟಿದ್ದಾರೆ. ಪ್ರತಿ ಓಣಿಯ ತಲೆಯಲ್ಲಿ ನಿಂತು, ಸಲಾಕೆಯನ್ನು ನೆಲಕ್ಕೆ ಊರಿ, ನನ್ನ ಕಣ್ಣನ್ನೇ ನೋಡುತ್ತ ಕೇಳುತ್ತಾರೆ: "ಖರೇನ ಸಿಕ್ಕಿಲ್ಲೇನ್ರಿ, ಮೇಡಮ್ಮಾರ?"