ಓನರ್ ಅಜ್ಜಿಯ ಲವ್ ಬರ್ಡ್

ಮೊನ್ನೆ ಹಿರಿಯೂರಿನ ನಮ್ಮ ಮನೆಯಲ್ಲಿ ಮೆಣಸು ಕುಟ್ಟಲು ಹಳೆಯ ಕಲ್ಲಿನ ಕುಟ್ಟಾಣಿ ತೆಗೆದೆ. ಮೂಗಿಗೆ ಮೊಟ್ಟೆಯ ವಾಸನೆ ಬಡಿದಂತಾಯಿತು. ಎಷ್ಟು ತೊಳೆದರೂ ಅಷ್ಟೇ... ಈ ಕುಟ್ಟಾಣಿ, ಹೊಸದುರ್ಗದಲ್ಲಿ ನಾವು ಬಾಡಿಗೆಗಿದ್ದ ಮನೆಯ ಓನರ್ ಅಜ್ಜಿಯದು.

ಆ ಅಜ್ಜಿ ನಮ್ಮ ಜಾತಿ ಕೇಳಿ, ಮುಖ ಸಿಂಡರಿಸಿ, ಹಿಂದಿನ ಕೋಣೆ ಕೊಟ್ಟಿದ್ದರು. ‘ಮೊಟ್ಟೆ ಗಿಟ್ಟೆ ನಮ್ಮ ಕಾಂಪೌಂಡಿನೊಳಗೆ ಬರಂಗಿಲ್ಲ’ ಎಂದು ತಾಕೀತು ಬೇರೆ. ನಮ್ಮ ಕಸದ ಬುಟ್ಟಿಯನ್ನು ಕಡ್ಡಿಯಿಂದ ಕೆದಕಿ ನೋಡುತ್ತಿದ್ದರು. ನೆನೆದರೆ ಈಗಲೂ ಮೈ ಉರಿಯುತ್ತದೆ.

ಅವರು ಒಂದು ಹಸಿರು ಲವ್ ಬರ್ಡ್ ಸಾಕಿದ್ದರು. ಜೋಡಿಯಿಲ್ಲದ ಒಂಟಿ ಹೆಣ್ಣು. ಆದರೂ ಪಂಜರದ ಮಡಕೆಯಲ್ಲಿ ಮೊಟ್ಟೆಯ ಮೇಲೆ ಮೊಟ್ಟೆ ಇಟ್ಟಿತು. ಆ ಮೊಟ್ಟೆಗಳ ಬಗ್ಗೆ ಮಾತ್ರ ಅಜ್ಜಿಗೆ ಅಸಹ್ಯವಿರಲಿಲ್ಲ! ಕೊಳೆತು ನಾರಿದರೂ ತೆಗೆಯದೆ, ‘ನಮ್ಮ ಬಾಣಂತಿ’ ಎಂದು ಹತ್ತಿ ಹಾಸಿದರು. ಹಿಕ್ಕೆಯನ್ನು ಬರಿಗೈಯಲ್ಲಿ ಬಳಿದರು. ನಾನು ಮುಟ್ಟಿದ ನಲ್ಲಿಗೆ ನೀರು ಸುರಿದು ತೊಳೆಯುತ್ತಿದ್ದ ಕೈ ಅದು.

ಒಂದು ಬೆಳಿಗ್ಗೆ ಹಕ್ಕಿ ಕಾಲು ಸೋತು ಪಂಜರದ ತಳದಲ್ಲಿ ಬಿದ್ದಿತ್ತು. ಮೊಟ್ಟೆ ಇಟ್ಟೂ ಇಟ್ಟೂ ಮೈಯಲ್ಲಿನ ಸುಣ್ಣದಂಶವೆಲ್ಲ ಮುಗಿದಿದೆ, ಔಷಧಿಯ ಜೊತೆಗೆ ಕೋಳಿಮೊಟ್ಟೆಯ ಸಿಪ್ಪೆ ಪುಡಿಮಾಡಿ ತಿನ್ನಿಸಿ, ಇಲ್ಲದಿದ್ದರೆ ಉಳಿಯುವುದಿಲ್ಲ ಎಂದರಂತೆ ಪಶು ಆಸ್ಪತ್ರೆಯ ಡಾಕ್ಟರು. ಅಜ್ಜಿ ಈ ಕುಟ್ಟಾಣಿ ಹಿಡಿದು ನಮ್ಮ ಬಾಗಿಲಿಗೆ ಬಂದರು.

‘ಮೊಟ್ಟೆ ತಂದು ಬೇಯ್ಸಮ್ಮ, ಸಿಪ್ಪೆ ಕುಟ್ಕೊಡು. ಪಾಪ, ಮೂಕಪ್ರಾಣಿ.’

‘ಈಗ ವಾಸ್ನೆ ಬರಂಗಿಲ್ಲೇನಜ್ಜಿ?’

ಅವರು ಕುಟ್ಟಾಣಿಯನ್ನು ಹೊಸಿಲ ಮೇಲಿಟ್ಟರು. ಕಣ್ಣಲ್ಲಿ ನೀರಿತ್ತು...

ಹಕ್ಕಿಯ ಮುಖ ನೋಡಿ ಕುಟ್ಟಿದೆ. ಪುಡಿ ಕೊಡಹೋದರೆ ಅಜ್ಜಿ ಅಂಗೈ ಮೇಲೆ ಕಾಗದ ಹರವಿ, ‘ಮ್ಯಾಲಿಂದ ಹಾಕಮ್ಮ’ ಎಂದರು. ನನ್ನ ಬೆರಳು ತಗುಲಬಾರದು ನೋಡಿ! ಆಮೇಲೆ ಅದೇ ಪುಡಿಯನ್ನು ತಮ್ಮ ಬೆರಳಿಗೆ ಹಚ್ಚಿಕೊಂಡು ಹಕ್ಕಿಗೆ ತಿನ್ನಿಸಿದರು. ನನಗೆ ಅಸಹ್ಯವಾಯಿತು. ಮೊಟ್ಟೆ ಕಂಡಲ್ಲ.

ಹಕ್ಕಿ ಚೇತರಿಸಿಕೊಂಡಿತು. ನಾನು ಕುಟ್ಟಾಣಿಯನ್ನು ಉಜ್ಜಿ ತೊಳೆದು ವಾಪಸ್ ಕೊಡಲು ಹೋದೆ.

‘ಮೈಲಿಗೆ ಆಗೈತೆ, ನೀನೇ ಇಟ್ಕಳಮ್ಮ’ ಎಂದರು ಅಜ್ಜಿ. ಹಕ್ಕಿ ಅವರ ಹೆಗಲ ಮೇಲೆ ಕೂತು ಕೆನ್ನೆಗೆ ಕೊಕ್ಕು ಒರೆಸುತ್ತಿತ್ತು.

ನಾವು ಆ ಮನೆ ಬಿಟ್ಟೆವು. ಕುಟ್ಟಾಣಿಯನ್ನು ಎಸೆಯಲು ಮಾತ್ರ ಮನಸ್ಸಾಗಲಿಲ್ಲ, ಕಲ್ಲು ಏನು ತಪ್ಪು ಮಾಡಿತ್ತು... ಅಸಹ್ಯ ಇನ್ನೂ ಇದೆ, ಅಜ್ಜಿ ಇಲ್ಲ. ಸುದ್ದಿ ತಿಳಿದು ಹೊಸದುರ್ಗಕ್ಕೆ ಹೋಗಿದ್ದೆ. ಪಡಸಾಲೆಯಲ್ಲಿ ಮಲಗಿಸಿದ್ದರು. ಬೇಡವೆಂದರೂ ಅಳು ಬಂತು. ಎಲ್ಲರಂತೆ ನಾನೂ ಬಗ್ಗಿ ಕಾಲು ಮುಟ್ಟಿ ನಮಸ್ಕರಿಸಿದೆ. ಆ ಅಜ್ಜಿಯನ್ನು ನಾನು ಮುಟ್ಟಿದ್ದು ಅದೊಂದೇ ಸಲ.