ಮುರಿದ ಸೂಜಿಯ ಮೂರು ತುಂಡು

ಬೀದಿಯ ಜನ ಅವಳನ್ನು ‘ಎಣಿಕೆಯಮ್ಮ’ ಎಂದು ಕರೆಯುತ್ತಿದ್ದರು. ಬಟ್ಟೆ ಹೊಲಿಯುವವರು ಊರಲ್ಲಿ ಬೇಕಾದಷ್ಟು ಮಂದಿ. ಆದರೆ ಸಂಜೆ ಬಾಗಿಲು ಹಾಕುವ ಮುನ್ನ ಗುಂಡುಪಿನ್ನುಗಳನ್ನು ಒಂದೊಂದಾಗಿ ಎಣಿಸಿ, ನೂರಿಪ್ಪತ್ತಕ್ಕೆ ಒಂದು ಕಡಿಮೆಯಾದರೂ ಗಂಡ, ಅತ್ತೆ, ಗಿರಾಕಿ ಯಾರನ್ನೂ ನಿಂತ ಜಾಗದಿಂದ ಕದಲಗೊಡದ ಸರ್ವಾಧಿಕಾರಿಣಿ ಇವಳೊಬ್ಬಳೇ.

ಬೆಳಿಗ್ಗೆ ಏಳೂವರೆಗೆ ಅವಳ ಸಾಮ್ರಾಜ್ಯದ ಬಾಗಿಲು ತೆರೆಯುತ್ತಿತ್ತು. ಸಾಮ್ರಾಜ್ಯದ ಅಗಲ ಹತ್ತು ಅಡಿ, ಉದ್ದ ಹದಿನಾಲ್ಕು. ಒಳಗೆ ಎರಡು ಹೊಲಿಗೆ ಯಂತ್ರ, ಗಂಡನ ಇಸ್ತ್ರಿ ಮೇಜು, ಅತ್ತೆಯ ಕುರ್ಚಿ. ಮೊದಲು ಯಂತ್ರಗಳ ತೂತುಗಳಿಗೆ ಹನಿ ಹನಿ ಎಣ್ಣೆ. ಆಮೇಲೆ ಸ್ಲೇಟಿನ ಮೇಲೆ ಅಂದಿನ ಕೆಲಸ, ಹೆಚ್ಚೆಂದರೆ ಐದು ಸಾಲು. ಆರನೇ ಸಾಲು ಬರೆದವರು ಮೊದಲ ಐದನ್ನೂ ಕೆಡಿಸುತ್ತಾರೆ ಎಂಬುದು ಅವಳ ರಾಜಶಾಸನ. ಗೋಡೆಯ ಹಲಗೆಯ ಮೇಲೆ ಟೇಪು, ಕತ್ತರಿ, ಬಿದ್ದ ಪಿನ್ನು ಹೆಕ್ಕುವ ಅಯಸ್ಕಾಂತ, ಎಲ್ಲಕ್ಕೂ ಅವುಗಳದೇ ಮೊಳೆ, ಸುತ್ತ ಅವುಗಳದೇ ಆಕಾರದ ಗೆರೆ. ಕತ್ತರಿ ಮಹಾರಾಯ ತನ್ನ ಮೊಳೆಗೆ ಮರಳುವ ಮುನ್ನ ಎಣ್ಣೆಬಟ್ಟೆಯಲ್ಲಿ ಮುಖ ಒರೆಸಿಕೊಳ್ಳಲೇಬೇಕು.

ಎಲ್ಲಕ್ಕಿಂತ ಕಠೋರವಾದ ಕಾನೂನು ಸೂಜಿಯದು. ಯಂತ್ರದ ಸೂಜಿ ಮುರಿದರೆ ತುಂಡುಗಳೆಲ್ಲ ಸಿಗಬೇಕು. ಸಿಕ್ಕಿದ್ದನ್ನು ರಟ್ಟಿನ ಮೇಲೆ ಒಂದಕ್ಕೊಂದು ಜೋಡಿಸಿ, ಇಡೀ ಸೂಜಿಯಾಯಿತೆಂದು ಕಣ್ಣಾರೆ ಕಂಡು, ಮೇಲೆ ಅಂಟುಪಟ್ಟಿ ಒತ್ತಬೇಕು. ಅಲ್ಲಿಯವರೆಗೆ ಒಂದು ಚಿಂದಿಯೂ ಹೊಸ್ತಿಲು ದಾಟುವಂತಿಲ್ಲ. ಹನ್ನೊಂದು ವರ್ಷಗಳಲ್ಲಿ ನಲವತ್ತಮೂರು ಸೂಜಿಗಳು ಹೀಗೆ ರಟ್ಟಿನ ಮೇಲೆ ವೀರಸ್ವರ್ಗ ಸೇರಿದ್ದವು.

ಈ ಕಾನೂನಿಗೊಂದು ಇತಿಹಾಸವಿದೆ. ಅಂಗಡಿ ಇಟ್ಟ ಮೊದಲ ತಿಂಗಳು ಅವಳು ಹೊಲಿದ ಅಂಗಿಯ ಕಾಲರಿನಲ್ಲಿ ಸೂಜಿಯ ತುದಿಯೊಂದು ಉಳಿದು ಗಿರಾಕಿಯ ಕತ್ತಿಗೆ ಚುಚ್ಚಿತು. ಅವನು ಕತ್ತು ಹಿಡಿದುಕೊಂಡು ಜಗಳಕ್ಕೆ ಬಂದ. ಮರುವಾರ ಗಾಯ ತೋರಿಸಲು ಬಂದ. ಮೂರನೇ ಸಲ ಬಂದಾಗ ಗಾಯ ಮಾಯವಾಗಿತ್ತು, ಜೊತೆಗೆ ಅಮ್ಮನನ್ನು ಕರೆತಂದಿದ್ದ. “ನೀನು ಅವತ್ತೇ ತುಂಡು ಹುಡುಕಿದ್ರೆ ನಾನು ಬಚಾವಾಗ್ತಿದ್ದೆ ಕಣೇ” ಎಂದು ಗಂಡ ಇಂದಿಗೂ ಇಸ್ತ್ರಿ ಒತ್ತುತ್ತಾ ನಿಟ್ಟುಸಿರು ಬಿಡುವುದುಂಟು.

ಇಂಥ ಸಾಮ್ರಾಜ್ಯಕ್ಕೆ ಒಂದು ದಿನ ಮಹಾಯುದ್ಧವೇ ಬಂತು. ಮಕ್ಕಳ ಆಸ್ಪತ್ರೆಗೆ ತಿಂಗಳಿಗೆ ಅರವತ್ತರಂತೆ, ವರ್ಷವಿಡೀ ಎಳೆಗೂಸುಗಳ ಅಂಗಿ ಬೇಕಿತ್ತು. ಮೊದಲ ಅರವತ್ತನ್ನು ಆಸ್ಪತ್ರೆಯ ಹಿರಿಯ ನರ್ಸು ಬುಧವಾರ ನಾಲ್ಕಕ್ಕೆ ಬಂದು ನೋಡುತ್ತಾರೆ. ಹಿಡಿಸಿದರೆ ಕೆಲಸ ಇವರದು. ಇಲ್ಲದಿದ್ದರೆ ನಾಲ್ಕೂವರೆಗೆ ಮೂಲೆಯ ದೊಡ್ಡ ಅಂಗಡಿಗೆ ಹೋಗುತ್ತಾರೆ. ವರ್ಷಪೂರ್ತಿ ಕೆಲಸ! ಆ ಯೋಚನೆಗೇ ಎಣಿಕೆಯಮ್ಮನಿಗೆ ಮೂರು ದಿನದಿಂದ ನೆಲದ ಮೇಲೆ ಕಾಲು ನಿಂತಿರಲಿಲ್ಲ.

ಬುಧವಾರ ಮೂರು ಇಪ್ಪತ್ತು. ಐವತ್ತೊಂಬತ್ತು ಅಂಗಿಗಳು ಯಂತ್ರದ ಪಕ್ಕದಲ್ಲೇ ಗೋಪುರವಾಗಿ ನಿಂತಿದ್ದವು. ಅರವತ್ತನೆಯದಕ್ಕೆ ಕೊನೆಯ ಲಾಡಿ. ಇನ್ನು ಎರಡೇ ಅಂಗುಲ.

ಟಕ್!

ಕತ್ತರಿಯಿಂದ ದಾರ ಕತ್ತರಿಸಿ ಅಂಗಿ ಬಿಡಿಸಿದಳು, ಕತ್ತರಿಯನ್ನು ಮೊಳೆಗೆ ಸಿಕ್ಕಿಸಿದಳು, ನೋಡಿದಳು. ಸೂಜಿಯ ಬುಡ ಯಂತ್ರದಲ್ಲೇ ಇತ್ತು. ನಡುವಿನ ತುಂಡು ಅಂಗಿಯ ಮೇಲಿತ್ತು. ತುದಿ ನಾಪತ್ತೆ!

“ಇರ್ಲಿ ಬಿಡೇ,” ಎಂದ ಗಂಡ. “ಆ ಒಂದಂಗಿ ಪಕ್ಕಕ್ಕಿಟ್ಟು ಉಳಿದದ್ದು ಕೊಡೋಣ.”

“ತುದಿ ಎಲ್ಲಿಗೆ ಹಾರಿದೆ ಅಂತ ನಿಮಗೆ ಗೊತ್ತಾ? ರಾಶಿ ಪಕ್ಕದಲ್ಲೇ ಇತ್ತಲ್ಲ ರೀ!”

“ಒಂದು ಸಾಸಿವೆಯಷ್ಟು ಕಬ್ಬಿಣಕ್ಕೆ ಒಂದು ವರ್ಷದ ಕೆಲಸ ಬಿಡ್ತೀಯಾ?”

“ನಿಮ್ಮ ಕತ್ತಾದ್ರೆ ಜಗಳಕ್ಕೆ ಬರುತ್ತೆ. ಹುಟ್ಟಿ ಎರಡು ದಿನವಾದ ಕೂಸು ಎಲ್ಲಿಗೆ ಬರುತ್ತೆ? ಸಿಗೋವರೆಗೂ ಒಂದೂ ಹೊರಗೆ ಹೋಗಲ್ಲ,” ಎಂದು ಕಡ್ಡಿ ಮುರಿದಂತೆ ಹೇಳಿದಳು.

ಶುರುವಾಯಿತು ದಂಡಯಾತ್ರೆ. ಗಂಡ ನೆಲಕ್ಕೆ ಬಿಳಿ ಬಟ್ಟೆ ಹಾಸಿ ಅಂಗಿಗಳನ್ನು ಒಂದೊಂದಾಗಿ ಕೊಡವಿದ. ಅವಳು ಪ್ರತಿ ಮಡಿಕೆಯ ಮೇಲೂ ಅಯಸ್ಕಾಂತ ಆಡಿಸಿದಳು. ಅತ್ತೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಮಂಡಿಯೂರಿ ನೆಲ ಓದಿದರು. ಸಿಕ್ಕಿದ್ದು ಹೋದ ವರ್ಷ ಕಳೆದ ಒಂದು ಗುಂಡಿ. ಕೊನೆಗೆ ಅತ್ತೆಯ ತುರುಬನ್ನೂ ಬಿಚ್ಚಿಸಿ ನೋಡಲಾಯಿತು.

“ನನ್ನ ತಲೇಲಿ ಸೂಜಿ ಇದ್ದಿದ್ರೆ ನಿನ್ನ ಗಂಡನ್ನ ಆಗಲೇ ಹೊಲಿದು ಮೂಲೇಲಿ ಕೂರಿಸ್ತಿದ್ದೆ,” ಎಂದು ಅತ್ತೆ ಗೊಣಗಿದರು.

ಸರಿಯಾಗಿ ನಾಲ್ಕಕ್ಕೆ ಬಾಗಿಲಲ್ಲಿ ಬಿಳಿ ಬೂಟು ಕಾಣಿಸಿತು.

“ಅಲ್ಲೇ ನಿಲ್ಲಿ! ಒಳಗೆ ಕಾಲಿಡಬೇಡಿ!”

ಹಿರಿಯ ನರ್ಸು ಎತ್ತಿದ ಕಾಲನ್ನು ಎತ್ತಿದಂತೆಯೇ ಹಿಡಿದರು. ಅತ್ತೆ ಹಣೆ ಚಚ್ಚಿಕೊಂಡರು. ಎಣಿಕೆಯಮ್ಮ ಇದ್ದದ್ದನ್ನು ಇದ್ದಂತೆ ಒಪ್ಪಿಸಿದಳು. ನರ್ಸು ಕಾಲನ್ನು ಹಿಂದಕ್ಕೆ ಇಳಿಸಿ, ಗಡಿಯಾರ ನೋಡಿಕೊಂಡು, “ನಾಲ್ಕೂ ಇಪ್ಪತ್ತಕ್ಕೆ ನಾನು ಹೊರಡಬೇಕು” ಎಂದಷ್ಟೇ ಹೇಳಿದರು.

ನಾಲ್ಕೂ ಐದು. ನಾಲ್ಕೂ ಹತ್ತು. ಅರವತ್ತನ್ನೂ ಎರಡೆರಡು ಸಲ ಕೊಡವಿಯಾಗಿತ್ತು. ತಟ್ಟನೆ ಎಣಿಕೆಯಮ್ಮ ಅಯಸ್ಕಾಂತ ಕೆಳಗಿಟ್ಟು ಹೋಗಿ ಯಂತ್ರದ ಮುಂದೆ ಕುಳಿತಳು.

“ಸುಸ್ತಾಯ್ತಾ?” ಎಂದ ಗಂಡ.

“ಇಲ್ಲ. ಆವಾಗ ಮಾಡಿದ್ದನ್ನೇ ಮತ್ತೆ ಮಾಡ್ತೀನಿ. ಸೂಜಿ ಮುರೀತು. ದಾರ ಕತ್ತರಿಸಿದೆ. ಕತ್ತರಿ ಒರೆಸಿದೆ...” ಕೈ ಎಣ್ಣೆಬಟ್ಟೆಯತ್ತ ಹೋಗಿ ಗಾಳಿಯಲ್ಲೇ ನಿಂತಿತು. ಬಟ್ಟೆ ಬೆಳಿಗ್ಗೆ ಮಡಿಸಿಟ್ಟ ಹಾಗೇ ಇತ್ತು. “ಅಯ್ಯೋ! ಒರೆಸಲೇ ಇಲ್ಲ!”

ಹನ್ನೊಂದು ವರ್ಷಗಳಲ್ಲಿ ಮೊದಲ ಸಲ ಕತ್ತರಿ ಮುಖ ತೊಳೆಯದೆ ಮಲಗಿತ್ತು. ಹಾರಿ ಹೋಗಿ ಮೊಳೆಯಿಂದ ಇಳಿಸಿದಳು. ಅಲಗಿನ ಒಳಬದಿಯಲ್ಲಿ, ಚಿಗುರು ಮೀಸೆಯ ಒಂದೇ ಕೂದಲಿನಂತೆ ನೆಟ್ಟಗೆ ನಿಂತಿತ್ತು, ಸೂಜಿಯ ತುದಿ!

“ಸಿಕ್ತು! ಸಿಕ್ತು ಕಣ್ರೀ!” ಅತ್ತೆ ಸೊಸೆಯನ್ನು ತಬ್ಬಿಕೊಂಡರು. ಗಂಡ ಅಂಗಿಯೊಂದನ್ನು ಬಾವುಟದಂತೆ ಬೀಸಿದ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಕಥೆ ಎಂದು ಬಾಗಿಲಲ್ಲಿದ್ದ ನರ್ಸಮ್ಮನಿಗೂ ನಗು.

“ಅದು ಕತ್ತರಿಗೆ ಹೇಗೆ ಅಂಟಿಕೊಳ್ತು?” ಎಂದು ಅವರು ಕೇಳಿದರು.

ಗಂಡ ಕತ್ತರಿಯನ್ನು ಪಿನ್ನಿನ ಡಬ್ಬಿಯ ಹತ್ತಿರ ಹಿಡಿದ. ಮೂರು ಪಿನ್ನುಗಳು ಜಿಗಿದು ಅಲಗಿಗೆ ಕಚ್ಚಿಕೊಂಡವು. ಎಲ್ಲವೂ ತಂತಮ್ಮ ಜಾಗದಲ್ಲೇ ಇರಬೇಕೆಂಬ ಕಟ್ಟಳೆಯಿಂದ ಕತ್ತರಿಯೂ ಅಯಸ್ಕಾಂತವೂ ಹನ್ನೊಂದು ವರ್ಷ ಮೈಗೆ ಮೈ ತಾಗಿಸಿ ತೂಗಿದ್ದವು. ಪಾಪ, ಕತ್ತರಿಯೂ ಅಯಸ್ಕಾಂತವಾಗಿಬಿಟ್ಟಿತ್ತು.

“ಸಹವಾಸ ದೋಷ!” ಎಂದು ಅತ್ತೆ ತೀರ್ಪು ಕೊಟ್ಟರು. “ನನ್ನ ಮಗನೂ ಹೀಗೇ. ಮದುವೆಯಾದ ಮೇಲೆ ಚಮಚ ಎಣಿಸಿಡ್ತಾನೆ.”

ಎಣಿಕೆಯಮ್ಮ ಮೂರು ತುಂಡುಗಳನ್ನು ರಟ್ಟಿನ ಮೇಲೆ ಜೋಡಿಸಿದಳು. ಕೂದಲೆಳೆಯಷ್ಟೂ ಸಂದಿಲ್ಲ. ನಲವತ್ತನಾಲ್ಕು! ನರ್ಸು ಈಗ ಒಳಗೆ ಬಂದು ಆ ರಟ್ಟನ್ನೇ ಬಹಳ ಹೊತ್ತು ನೋಡಿದರು. ಹೊಲಿಗೆಯನ್ನು ಎಳೆದು ನೋಡಿದರು.

“ಸೂಜಿ ಮುರಿದ್ರೆ ಏನ್ಮಾಡ್ತೀರಿ ಅಂತ ಮೂಲೆ ಅಂಗಡಿಯವರನ್ನ ನಿನ್ನೆ ಕೇಳಿದ್ದೆ. ನಮ್ಮಲ್ಲಿ ಸೂಜಿ ಮುರಿಯೋದೇ ಇಲ್ಲ ಅಂದ್ರು.” ನರ್ಸು ಚೀಲ ಹೆಗಲಿಗೇರಿಸಿದರು. “ಅಲ್ಲಿಗೆ ಇನ್ನು ಹೋಗಲ್ಲ. ವರ್ಷದ ಕೆಲಸ ನಿಮ್ಮದೇ. ಆ ಲಾಡಿ ಮುಗಿಸಿ, ನಾಳೆ ಕಳಿಸಿಕೊಡಿ.”

ಎಣಿಕೆಯಮ್ಮ ನೇರ ಹೋಗಿ ಸ್ಲೇಟು ಹಿಡಿದಳು. ತನ್ನ ಶಾಸನವನ್ನು ತಾನೇ ಮುರಿದು, ಐದು ಸಾಲುಗಳ ಕೆಳಗೆ ಆರನೆಯದನ್ನು ಬರೆದಳು: ‘ಕತ್ತರಿಗೆ ಬೇರೆ ಗೋಡೆ.’ ಆಮೇಲೆ, ಕೈ ಸುಮ್ಮನಿರಲಾರದೆ, ಪಿನ್ನಿನ ಡಬ್ಬಿ ಎಳೆದುಕೊಂಡು ಎಣಿಸತೊಡಗಿದಳು.

“ನೂರಹದಿನೇಳು! ಮೂರು ಕಮ್ಮಿ! ಯಾರೂ ಕದಲಬೇಡಿ!”

ಅತ್ತೆ ಕುರ್ಚಿಯಲ್ಲಿ ಕಲ್ಲಾದರು. ಹೊಸ್ತಿಲು ದಾಟುತ್ತಿದ್ದ ಹಿರಿಯ ನರ್ಸು, ಈ ಸಲ ಯಾರೂ ವಿವರಿಸುವ ಅಗತ್ಯವಿಲ್ಲದೆ, ಒಂದು ಕಾಲೆತ್ತಿಕೊಂಡೇ ನಿಂತರು. ಗಂಡ ಮಾತ್ರ ಮೂರು ಪಿನ್ನು ಕಚ್ಚಿದ ಕತ್ತರಿಯನ್ನು ಬೆನ್ನ ಹಿಂದೆ ಹಿಡಿದು, ಅವಳು ಕೇಳುವವರೆಗೆ ಬಾಯಿ ಬಿಡಬಾರದೆಂದು ನಿರ್ಧರಿಸಿದ್ದ.